ಐವತ್ತು ಕಿಲೋ ಸ್ಟ್ಯಾಂಡಿಗೆ ಐವತ್ತಾರು ಕಿಲೋ ಸೈಕಲ್ಲು

ತೂಕದ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಮುಂದೆ ಬಾಯಿ ಬಿಟ್ಟಿಲ್ಲ. ನಾನು ಮೂವತ್ತು ವರ್ಷ ಲಿಫ್ಟ್ ಇನ್‌ಸ್ಪೆಕ್ಟರ್ ಆಗಿದ್ದವನು. ಲಿಫ್ಟಿನೊಳಗೆ ‘ಎಂಟು ಜನ ಮಾತ್ರ’ ಎಂಬ ಫಲಕ ಇರುತ್ತದಲ್ಲ, ಅದರ ಹಿಂದಿನ ಮಹಾಶಕ್ತಿ ನಾನೇ! ಒಂಬತ್ತನೆಯವರು ಕಾಲಿಟ್ಟರೆ ಅವರು ಮಂತ್ರಿಯಾಗಲಿ ಮದುಮಗನಾಗಲಿ, ಮುಲಾಜಿಲ್ಲದೆ ಹೊರಗೆ ಕಳಿಸುತ್ತಿದ್ದೆ. ನನ್ನ ಮದುವೆಯ ದಿನ ಸ್ವಂತ ಸೋದರಮಾವನನ್ನೇ ಲಿಫ್ಟಿನಿಂದ ಇಳಿಸಿದ್ದೆ. ಅವರು ಈಗಲೂ ನಾನು ಜೊತೆಗಿದ್ದರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿಕೊಂಡೇ ಬರುತ್ತಾರೆ.

ಹೀಗಿರುವಾಗ, ನಮ್ಮ ಮೋಟರ್‌ಹೋಮಿಗೆ ಎರಡು ಎಲೆಕ್ಟ್ರಿಕ್ ಸೈಕಲ್ ಬೇಕು ಎಂಬ ಮಾತು ಬಂದಾಗ ನಾನು ಸುಮ್ಮನಿರಲು ಸಾಧ್ಯವೇ? “ಆರಿಸೋದೂ ನಾನೇ, ಹೊರೋದೂ ನಾನೇ” ಎಂದು ಎದೆ ತಟ್ಟಿ ಹೇಳಿದೆ. ಇದರಲ್ಲಿ ಎರಡನೆಯ ಮಾತನ್ನು ಹೆಂಡತಿ ಗಂಟು ಹಾಕಿ ಇಟ್ಟುಕೊಂಡಿದ್ದಾಳೆ ಎಂಬುದು ಆಗ ಗೊತ್ತಾಗಲಿಲ್ಲ.

ಮೋಟರ್‌ಹೋಮ್ ಎಂದರೆ ಹಾಸಿಗೆ, ಒಲೆ, ಕಪಾಟು ಎಲ್ಲ ಒಳಗೇ ಇರುವ ಗಾಡಿ. ಮನೆಯಲ್ಲಿ ಆಡುವ ಜಗಳವನ್ನು ಊರೂರಿಗೆ ಕೊಂಡೊಯ್ದು ಆಡಬಹುದು. ನಿವೃತ್ತಿಯಾದ ಮೇಲೆ ಹಳೆಯದೊಂದನ್ನು ಕೊಂಡಿದ್ದೆ. ಅದಕ್ಕೆ ಸೈಕಲ್ ಯಾಕೆ ಬೇಕಾಯಿತು ಎಂದರೆ, ನನ್ನ ಹೆಂಡತಿಯ ಲೈಟ್‌ಹೌಸಿನಿಂದಾಗಿ.

ಹೆಂಡತಿಯ ಅಪ್ಪ ಕಡಲ ತೀರದ ಒಂದು ಗುಡ್ಡದ ಮೇಲೆ ಲೈಟ್‌ಹೌಸಿನ ದೀಪ ಹಚ್ಚುವ ಕೆಲಸದಲ್ಲಿದ್ದರು. ನನ್ನವಳು ಹುಟ್ಟಿ ಬೆಳೆದಿದ್ದು ಅಲ್ಲೇ, ಸೈಕಲ್ ಕಲಿತದ್ದೂ ಆ ಗುಡ್ಡದ ದಾರಿಯಲ್ಲೇ. ಅಪ್ಪ ದೀಪ ಹಚ್ಚುವಾಗ ಮಗಳು ಪಕ್ಕದಲ್ಲಿ ನಿಂತು “ಹಚ್ಚಲಾ ಅಪ್ಪಾ?” ಎಂದು ದಿನಾ ಕೇಳುವುದು, ಅವರು ದಿನಾ “ದೊಡ್ಡವಳಾಗು” ಎನ್ನುವುದು ನಡೆದೇ ಇತ್ತಂತೆ. ಅವಳು ದೊಡ್ಡವಳಾಗುವಷ್ಟರಲ್ಲಿ ಅಪ್ಪನಿಗೆ ಬೇರೆ ಕಡೆ ವರ್ಗವಾಯಿತು. ಈಗ ಬಂದರು ಕಚೇರಿಯಿಂದ ಫೋನ್ ಬಂದಿತ್ತು. ಆ ಹಳೆಯ ದೀಪವನ್ನು ತೆಗೆದು ಬೇರೆ ಯಂತ್ರ ಹಾಕುತ್ತಾರೆ, ಕೊನೆಯ ಸಂಜೆ ಸೂರ್ಯ ಮುಳುಗುವಾಗ ದೀಪ ಹೊತ್ತಿಸಬೇಕಾದವರು ಹಳೆಯ ದೀಪಗಾರರ ಮಗಳು! ಸ್ವಿಚ್ಚು ಕೆಳಗಿನ ಕೋಣೆಯಲ್ಲೇ ಇದೆ, ಗೋಪುರ ಹತ್ತಬೇಕಿಲ್ಲ. ಆದರೆ ಗುಡ್ಡ ಹತ್ತಬೇಕು. ನನ್ನವಳ ಮೊಣಕಾಲಿಗೆ ಏರು ನಡೆಯುವುದು ಆಗದು, ಸೈಕಲ್ ತುಳಿದರೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಗುಡ್ಡದ ದಾರಿಗೆ ದೊಡ್ಡ ಗಾಡಿ ಬಿಡುವುದಿಲ್ಲ. ವಯಸ್ಸಾದವರಿಗೆ ಸಂಜೆಗೆ ಒಂದು ವ್ಯಾನ್ ಇದೆ, ಜಾಗ ಹಿಡಿದಿಡಲೇ ಎಂದು ಫೋನಿನಲ್ಲಿ ಕೇಳಿದರು. ವಯಸ್ಸಾದವರಂತೆ! “ನಮ್ಮ ವಾಹನ ನಮಗಿದೆ” ಎಂದು ನಾನೇ ಫೋನ್ ಇಟ್ಟೆ.

ಅಂಗಡಿಯಲ್ಲಿ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಹೆಂಡತಿ ಮಡಚುವಂಥ ಹಗುರದ ಒಂದನ್ನು ಮುಟ್ಟಿ ನೋಡಿ ಇದು ಚೆನ್ನಾಗಿದೆ ಎಂದಳು. ನಾನು ನಕ್ಕೆ. ಲಿಫ್ಟಿನಲ್ಲಿ ಹಗ್ಗ ದಪ್ಪವಿದ್ದಷ್ಟೂ ಭದ್ರ, ಸೈಕಲ್ಲಿಗೂ ಅದೇ ನ್ಯಾಯ ಎಂದು ವಿವರಿಸಿದೆ. ಅಂಗಡಿಯವನಿಗೆ ನನ್ನಂಥ ಗಿರಾಕಿ ಸಿಕ್ಕಿದ್ದು ಹಬ್ಬವಾಗಿರಬೇಕು. ದಪ್ಪ ಚಕ್ರ, ದಪ್ಪ ಮೋಟರು, ಹಿಂದೆ ಗಟ್ಟಿ ಕ್ಯಾರಿಯರ್ ಇದ್ದ ಎರಡು ದೈತ್ಯರನ್ನು ಮುಂದೆ ತಂದು ನಿಲ್ಲಿಸಿ, ಇದು ಗೋಡೆಯನ್ನೂ ಹತ್ತುತ್ತದೆ ಸರ್ ಎಂದ. ಹೆಂಡತಿ ಒಂದೇ ಪ್ರಶ್ನೆ ಕೇಳಿದಳು.

“ಅದು ಗೋಡೆ ಹತ್ಲಿ. ಅದನ್ನ ಗಾಡಿ ಮೇಲೆ ಹತ್ತಿಸೋರು ಯಾರು?”

ಹೊರುವವನು ನಾನು ಎಂದು ಆಗಲೇ ಹೇಳಿಯಾಗಿತ್ತಲ್ಲ. ದುಡ್ಡು ಕೊಟ್ಟು ತಂದೆ.

ಮೋಟರ್‌ಹೋಮಿನ ಬೆನ್ನಿಗೆ ಸೈಕಲ್ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು ಇದೆ. ಅದರ ಮೇಲೆ ‘ಐವತ್ತು ಕಿಲೋ ಮಾತ್ರ’ ಎಂದು ಕೆತ್ತಿದೆ. ಆ ‘ಮಾತ್ರ’ ನೋಡಿದರೆ ನನಗೆ ಹಳೆಯ ಸಹೋದ್ಯೋಗಿಯನ್ನು ಕಂಡಷ್ಟು ಸಂತೋಷ. ಬಚ್ಚಲುಮನೆಯ ತೂಕದ ಯಂತ್ರವನ್ನು ಅಂಗಳಕ್ಕೆ ತಂದು, ಸೈಕಲನ್ನು ಅಪ್ಪಿಕೊಂಡು ಅದರ ಮೇಲೆ ನಿಂತು, ನನ್ನ ತೂಕ ಕಳೆದು ನೋಡಿದೆ. ಒಂದೊಂದು ಇಪ್ಪತ್ತೆಂಟು ಕಿಲೋ. ಎರಡಕ್ಕೆ ಐವತ್ತಾರು! ಒಂದು ಕ್ಷಣ ಬೆವರು ಬಂತು. ಆದರೆ ಅನುಭವ ಯಾವುದಕ್ಕೆ ಇರುವುದು? ಬ್ಯಾಟರಿ ಕಳಚಿದರೆ ಒಂದೊಂದರಲ್ಲೂ ಮೂರೂವರೆ ಕಿಲೋ ಇಳಿಯುತ್ತದೆ. ಐವತ್ತಾರರಲ್ಲಿ ಏಳು ಹೋದರೆ ನಲವತ್ತೊಂಬತ್ತು. ಕಾನೂನು ಗೆದ್ದಿತು. ಎರಡು ಬ್ಯಾಟರಿಯನ್ನೂ ಹಳೆಯ ದುಪ್ಪಟಿಯಲ್ಲಿ ಮುದ್ದಾಗಿ ಸುತ್ತಿ, ಗಾಡಿಯೊಳಗೆ ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿಟ್ಟೆ.

ಸೈಕಲ್ ಎತ್ತಲು ಹೋದಾಗ ಮಾತ್ರ ನನ್ನ ಸೊಂಟ ಕಾನೂನು ಒಪ್ಪಲಿಲ್ಲ. ಪಕ್ಕದ ಮನೆಯ ಹಲ್ಲಿನ ಡಾಕ್ಟರನ್ನು ಕರೆದೆ. ಜನರ ದವಡೆಯಿಂದ ಹಲ್ಲು ಕಿತ್ತು ಕಿತ್ತು ಅವರ ತೋಳುಗಳು ಗಟ್ಟಿಯಾಗಿವೆ ಎಂಬುದು ನನ್ನ ಲೆಕ್ಕಾಚಾರ. ಅವರು ಮುಂದಿನ ಚಕ್ರ ಹಿಡಿದರು, ನಾನು ಹಿಂದಿನದು. “ಸ್ವಲ್ಪ ನೋವಾಗುತ್ತೆ, ಅಷ್ಟೇ” ಎಂದು ಅವರು ಅಭ್ಯಾಸಬಲದಿಂದ ಹೇಳಿದರು. ಸ್ವಲ್ಪ ಅಲ್ಲ, ಚೆನ್ನಾಗಿಯೇ ಆಯಿತು. ಎರಡನೆಯ ಸೈಕಲ್ ಏರುವಷ್ಟರಲ್ಲಿ ಡಾಕ್ಟರು ತಮ್ಮ ಬೆನ್ನು ಹಿಡಿದುಕೊಂಡು ಮನೆಗೆ ಹೋದರು. ನಾನು ಎರಡು ಹೆಜ್ಜೆ ಹಿಂದೆ ಸರಿದು ನನ್ನ ಸಾಧನೆಯನ್ನು ನೋಡಿದೆ. ಗಾಡಿ ಹಿಂದೆ ಕುಸಿದು, ಮುಂದೆ ಮೂತಿ ಎತ್ತಿ, ಯಾರೊಂದಿಗೋ ಮುನಿಸಿಕೊಂಡಂತೆ ಕೂತಿತ್ತು.

ಸ್ಟ್ಯಾಂಡು ಗೆದ್ದರೂ ಗಾಡಿಯ ಒಟ್ಟು ಭಾರ ಗೆಲ್ಲಬೇಕಲ್ಲ! ಆಗಲೇ ನಾನು ಮನೆಯಲ್ಲಿ ಹೊಸ ಕಾನೂನು ತಂದದ್ದು. ಗಾಡಿಯೊಳಗಿನ ಒಂದೊಂದು ವಸ್ತುವನ್ನೂ ಕೈಗೆ ತೆಗೆದುಕೊಳ್ಳುವುದು, ಇದು ಏನು, ಯಾಕೆ ಬೇಕು ಎಂದು ಕೇಳುವುದು, ಉತ್ತರ ಗೊತ್ತಿಲ್ಲದಿದ್ದರೆ ಇಳಿಸುವುದು. ಹೆಂಡತಿಯ ಕಬ್ಬಿಣದ ಬಾಣಲೆ ಇಳಿಯಿತು. ದಪ್ಪ ಕಂಬಳಿ ಇಳಿಯಿತು. ಅವಳ ಹೊಲಿಗೆ ಡಬ್ಬಿ ಇಳಿಯಿತು. ಇಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ಸಂಸಾರ ಸುಖವಾಗಿ ಇರುತ್ತಿತ್ತು. ಕೆಟ್ಟ ಗಳಿಗೆ, ಒಟ್ಟು ಲೆಕ್ಕಕ್ಕೆ ನೀನೂ ಯಂತ್ರದ ಮೇಲೆ ಹತ್ತು ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ ಹತ್ತಿದಳು. ಬಂದ ಅಂಕಿಯನ್ನು ನಾನು ವೃತ್ತಿಜೀವನದ ರೂಢಿಯಂತೆ ಗಟ್ಟಿಯಾಗಿ ಓದಿದೆ. ಗೋಡೆಯಾಚೆ ಡಾಕ್ಟರ ನರಳಾಟ ಒಮ್ಮೆಲೇ ನಿಂತಿತು. ಆ ಅಂಕಿಯನ್ನು ಇಲ್ಲಿ ಬರೆಯುವ ಧೈರ್ಯ ಇವತ್ತಿಗೂ ನನಗಿಲ್ಲ.

ಆಮೇಲೆ ನಾನು ಗಾಡಿಯ ಕೆಳಗೆ ಅಂಗಾತ ಮಲಗಿ ಸ್ಪ್ರಿಂಗು ಪರೀಕ್ಷಿಸುತ್ತಿದ್ದೆ. ಒಳಗಿನಿಂದ ಹೆಂಡತಿ ಏನೋ ಕೇಳಿದಳು. ನನ್ನ ಕಿವಿಗೆ ಬಿದ್ದದ್ದು “ಭಾರ ಇದೆ, ಏನಿದು?” ಎಂಬ ಕೊನೆಯ ತುಂಡು ಮಾತ್ರ.

“ಏನು ಅಂತ ಗೊತ್ತಿಲ್ಲ ಅಂದ್ರೆ ಇಳಿಸು. ಕಾನೂನು ಅಂದ್ರೆ ಕಾನೂನು!” ಎಂದು ಕೆಳಗಿನಿಂದಲೇ ತೀರ್ಪು ಕೊಟ್ಟೆ.

ದೀಪ ಹೊತ್ತಿಸುವ ದಿನ ನಸುಕಿನ ಕತ್ತಲಲ್ಲೇ ಹೊರಟೆವು. ಮೂತಿ ಎತ್ತಿದ ಗಾಡಿಯ ದೀಪ ರಸ್ತೆ ಬಿಟ್ಟು ಮರದ ಕೊಂಬೆಗಳನ್ನು ಬೆಳಗುತ್ತಿತ್ತು. ಎದುರು ಬಂದವರೆಲ್ಲ ಹಾರ್ನ್ ಹೊಡೆದರು. ಸೈಕಲ್ ನೋಡಿ ಹೊಟ್ಟೆಕಿಚ್ಚು ಎಂದು ನಾನು ಹೆಂಡತಿಗೆ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಯಂತ್ರದ ಮೇಲಿಂದ ಇಳಿದಂದಿನಿಂದ ಅವಳ ಮಾತೂ ತೂಕದ ಮಾತೇ ಆಗಿತ್ತು. ಆದರೆ ಕಡಲು ಕಂಡದ್ದೇ ಮುಖ ಅರಳಿತು. ದೂರದ ಗುಡ್ಡದ ತುದಿಯಲ್ಲಿ ಬಿಳಿ ಗೋಪುರ ನಿಂತಿತ್ತು. ಅಲ್ಲಿ ನೋಡಿ, ಆ ಕೆಂಪು ಹಂಚಿನದೇ ನಮ್ಮ ಮನೆ ಎಂದು ಮಗುವಿನ ಹಾಗೆ ನನ್ನ ತೋಳು ಎಳೆದಳು. ಸಿಟ್ಟೆಲ್ಲ ಮರೆತಿದ್ದಳು. ನನಗೂ ಎದೆ ತುಂಬಿ ಬಂತು, ಇವಳನ್ನು ಇಲ್ಲಿಗೆ ಕರೆತಂದವನು ನಾನು ಎಂದು.

ಗುಡ್ಡದ ಬುಡದಲ್ಲಿ ವ್ಯಾನ್ ಹೊರಡಲು ನಿಂತಿತ್ತು. ಚಾಲಕ ಕೈಬೀಸಿ, ಒಂದು ಸೀಟಿದೆ, ಅಮ್ಮನವರು ಬರಲಿ ಎಂದ. ನಾನು ಸೈಕಲ್ಲುಗಳತ್ತ ಬೆರಳು ತೋರಿಸಿ ಅವನನ್ನು ಕಳಿಸಿದೆ. ವ್ಯಾನ್ ತಿರುವಿನಲ್ಲಿ ಮರೆಯಾಯಿತು. ಎತ್ತುವಾಗ ಇಬ್ಬರು ಬೇಕಾದ ಸೈಕಲ್ಲುಗಳು ಇಳಿಯುವಾಗ ಯಾರ ಸಹಾಯವನ್ನೂ ಕೇಳಲಿಲ್ಲ, ತಾವೇ ನನ್ನ ಕಾಲ ಮೇಲೆ ಇಳಿದವು. ನಾನು ಕುಂಟುತ್ತ ಒಳಗೆ ಹೋಗಿ ಹಾಸಿಗೆಯ ಕೆಳಗಿನ ಪೆಟ್ಟಿಗೆ ತೆರೆದೆ.

ಪೆಟ್ಟಿಗೆ ಖಾಲಿ.

“ಇಲ್ಲಿದ್ದ ಗಂಟು ಎಲ್ಲಿ?” ಎಂದೆ.

“ಹಳೇ ದುಪ್ಪಟಿ ಸುತ್ತಿದ್ದ ಎರಡು ಗಂಟಾ? ಏನಿದು ಅಂತ ಕೇಳಿದ್ನಲ್ಲ. ಇಳಿಸು ಅಂದ್ರಿ, ಇಳಿಸಿದೆ. ಜಗಲಿ ಮೇಲಿದೆ.”

ಕಾಲ ಕೆಳಗಿನ ನೆಲ, ಹಗ್ಗ ಕಡಿದ ಲಿಫ್ಟಿನ ಹಾಗೆ ಇಳಿಯಿತು. ಬಾಯಿ ಬಿಟ್ಟರೆ ಬಣ್ಣಗೇಡು. ಆದರೂ ಬಿಟ್ಟೆ, ಅವು ಸೈಕಲ್ಲಿನ ಬ್ಯಾಟರಿಗಳು ಎಂದು ಹೇಳಿದೆ. ಅವಳು ರೇಗಿದ್ದರೆ ನಾನೂ ರೇಗಿ ಬಚಾವಾಗುತ್ತಿದ್ದೆ. ಅವಳು ರೇಗಲಿಲ್ಲ. ಗುಡ್ಡ ನೋಡಿದಳು, ಕಡಲಿನತ್ತ ಜಾರುತ್ತಿದ್ದ ಸೂರ್ಯನನ್ನು ನೋಡಿದಳು, ತನ್ನ ಮೊಣಕಾಲನ್ನು ನೋಡಿಕೊಂಡಳು. “ಹೋಗ್ಲಿ ಬಿಡಿ. ಇಲ್ಲಿಂದ್ಲೇ ನೋಡೋಣ” ಎಂದಳು. ವ್ಯಾನಿನವರಿಗೆ ಫೋನ್ ಹಚ್ಚಿದರೆ ಗುಡ್ಡದಲ್ಲಿ ಸಿಗ್ನಲ್ ಇಲ್ಲ. ಆ ‘ಬಿಡಿ’ ಎಂಬ ಮಾತು ನನ್ನ ಕರುಳಿಗೆ ಚುಚ್ಚಿತು.

“ಹತ್ತು” ಎಂದೆ.

“ಯಾವುದರ ಮೇಲೆ?”

“ಸೈಕಲ್ ಮೇಲೆ. ಹೊರೋದೂ ನಾನೇ ಅಂತ ಹೇಳಿದ್ನಲ್ಲ.”

ಒಂದು ಸೈಕಲ್ಲಿಗೆ ಕೆಳಗೇ ಬೀಗ ಹಾಕಿ, ಇನ್ನೊಂದರ ಮೇಲೆ ಅವಳನ್ನು ಕೂರಿಸಿ, ಹಿಂದಿನ ಕ್ಯಾರಿಯರ್ ಹಿಡಿದು ತಳ್ಳತೊಡಗಿದೆ. ಬ್ಯಾಟರಿ ಇಲ್ಲದ ಎಲೆಕ್ಟ್ರಿಕ್ ಸೈಕಲ್ ಎಂದರೆ ಏನೆಂದು ತಳ್ಳಿದವನಿಗೇ ಗೊತ್ತು. ಮೊದಲ ತಿರುವಿನವರೆಗೆ ಲಿಫ್ಟ್ ಇಲಾಖೆಯ ಗೌರವ ನನ್ನನ್ನು ನಡೆಸಿತು. ಎರಡನೆಯ ತಿರುವಿನಿಂದ ದೇವರೇ ನಡೆಸಿದ. ಅವಳು ಹ್ಯಾಂಡಲ್ ಹಿಡಿದು ನೆಟ್ಟಗೆ ಕೂತಿದ್ದಳು. ಒಂದು ಕಡೆಯಂತೂ ಎಷ್ಟು ತಳ್ಳಿದರೂ ಸೈಕಲ್ ಕದಲಲಿಲ್ಲ. ಬ್ರೇಕ್ ಹಿಡಿದಿದ್ದೀಯಾ ಎಂದು ಕೇಳಿದೆ. ಹೌದು, ನೀವು ಉಸಿರು ತಗೊಳ್ಳಲಿ ಅಂತ ಎಂದಳು. ನಾನು ಉಸಿರು ಹಿಡಿದು ತಳ್ಳುತ್ತಲೇ ಇದ್ದೆ!

“ಅವತ್ತು ಡಾಕ್ಟರಿಗೆ ಕೇಳಿಸೋ ಹಾಗೆ ನನ್ನ ತೂಕ ಕೂಗಿದ್ರಲ್ಲ,” ಎಂದಳು ಕೊನೆಯ ಏರಿನಲ್ಲಿ, ಹಿಂತಿರುಗದೆಯೇ. “ಯಂತ್ರ ಸರಿಯಾಗಿ ತೋರಿಸಿತ್ತಾ?”

“ಕಡಿಮೆ... ತೋರಿಸಿತ್ತು” ಎಂದೆ ಏದುಸಿರಿನಲ್ಲಿ. ಅವಳು ಗುಡ್ಡ ಕೇಳುವ ಹಾಗೆ ನಕ್ಕಳು. ಆ ನಗುವಿಗೆ ಸೈಕಲ್ ಅಲುಗಾಡಿ ನಾನು ಬೇಲಿಗೆ ಬೀಳುವುದರಲ್ಲಿದ್ದೆ.

ಸೂರ್ಯ ಅರ್ಧ ನೀರಿಗಿಳಿದಿದ್ದಾಗ ಗೇಟು ತಲುಪಿದೆವು. ಕಾವಲುಗಾರ ಸೈಕಲನ್ನು ಬೆರಗಿನಿಂದ ನೋಡಿ, ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಬರುತ್ತೆ ಅಮ್ಮಾ ಎಂದು ಕೇಳಿದ. ಅವಳು ನನ್ನತ್ತ ಕೈತೋರಿಸಿ, ಇಷ್ಟೇ ದೂರ, ಅದಕ್ಕೆ ಒಂದು ಲೋಟ ನೀರು ಕೊಡಿ ಎಂದು ಒಳಗೆ ನಡೆದಳು.

ಕೆಳಗಿನ ಕೋಣೆಯಲ್ಲಿ ಹತ್ತಾರು ಜನ ಕಾಯುತ್ತಿದ್ದರು. ಬಂದರು ಅಧಿಕಾರಿ ಗೋಡೆಯ ಸ್ವಿಚ್ಚು ತೋರಿಸಿದರು. ಅವಳು ಅದರ ಮೇಲೆ ಕೈಯಿಟ್ಟು, ಯಾರಿಗೂ ಕೇಳದಷ್ಟು ಮೆಲ್ಲಗೆ “ಹಚ್ಚಲಾ ಅಪ್ಪಾ?” ಎಂದಳು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ದೀಪ ಹೊತ್ತಿತು. ಎಲ್ಲರೂ ಹೊರಗೆ ಓಡಿ ತಲೆಯೆತ್ತಿ ನೋಡಿದರು. ಬೆಳಕಿನ ಕೋಲು ಕಡಲಿನ ಮೇಲೆ ಒಂದು ಸುತ್ತು ಹಾಕಿ ಬಂತು. ನನ್ನವಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ನನ್ನದರಲ್ಲಿ ಅರ್ಧ ಸೊಂಟದ ನೋವಿನದು ಎಂದರೂ ಅರ್ಧ ನಿಜದ್ದೇ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಅಷ್ಟು ಹೊತ್ತಿಗೆ ನನ್ನ ಮೀಸೆ ಮತ್ತೆ ಮೇಲೇರಿತ್ತು. ನೋಡಿದೆಯಾ, ಹೇಳಿದ ಹಾಗೆ ಮೇಲೆ ತಂದು ನಿಲ್ಲಿಸಿದೆನೋ ಇಲ್ಲವೋ ಎಂದೆ. ಅವಳು ಹೌದೆಂದು ಒಪ್ಪಿದಳು. ಇನ್ನು ಇಳಿಜಾರು, ಮೋಟರು ಬೇಡ, ಬ್ಯಾಟರಿ ಬೇಡ, ಬ್ರೇಕ್ ಇದ್ದರೆ ಸಾಕು. ಅವಳು ಹುಡುಗಿಯ ಹಾಗೆ ಸೀಟಿನ ಮೇಲೆ ಕೂತಳು. ನಾನು ಹಕ್ಕಿನಿಂದ ಹಿಂದಿನ ಕ್ಯಾರಿಯರ್ ಮೇಲೆ ಒಂದು ಕಾಲು ಹಾಕಿದೆ.

“ರೀ, ಒಂದ್ನಿಮಿಷ. ಅಲ್ಲೇನೋ ಕೆತ್ತಿದಾರೆ ನೋಡಿ” ಎಂದಳು.

ಬಗ್ಗಿ ನೋಡಿದೆ. ಇಷ್ಟು ದೂರ ನಾನು ಎರಡು ಕೈಯಿಂದ ಮುಚ್ಚಿ ಹಿಡಿದು ತಳ್ಳಿದ ಜಾಗದಲ್ಲೇ ಇತ್ತು: ‘ಇಪ್ಪತ್ತೈದು ಕಿಲೋ ಮಾತ್ರ’.

“ನಿಮ್ಮದು ಎಪ್ಪತ್ತೆಂಟು,” ಎಂದಳು ಗೇಟಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ. “ಕಾನೂನು ಅಂದ್ರೆ ಕಾನೂನು. ಇಳೀರಿ, ನಡ್ಕೊಂಡು ಬನ್ನಿ.”

ಬ್ರೇಕ್ ಬಿಟ್ಟಳು. ಮೊದಲ ತಿರುವಿನಲ್ಲಿ ಅವಳ ನಗು ಕೇಳಿಸಿತು, ಎರಡನೆಯದರಲ್ಲಿ ಸೈಕಲ್ಲಿನ ಗಂಟೆ. ನಾನು ಸೊಂಟ ಹಿಡಿದುಕೊಂಡು ಇಳಿಯತೊಡಗಿದೆ. ಸೋದರಮಾವ ನಾನು ಜೊತೆಗಿದ್ದರೆ ಯಾಕೆ ಮೆಟ್ಟಿಲು ಹತ್ತಿಕೊಂಡೇ ಬರುತ್ತಾರೆ ಎಂಬುದು ಅಂದು ನನಗೆ ಪೂರ್ತಿ ಅರ್ಥವಾಯಿತು.