ಎಡಕ್ಕೆ ತಿರುಗಿದರೆ ಐ

ಅಕ್ಕ ಅವನನ್ನು ಕುರ್ಚಿಯಿಂದ ಎಬ್ಬಿಸದಿದ್ದರೆ ಇದೊಂದೂ ಆಗುತ್ತಿರಲಿಲ್ಲ.

ಅವನು ಬೆಳಗಿನ ಜಾವದಿಂದ ಸಂಕೀರ್ಣ ಸಂಖ್ಯೆಗಳ ಪುಸ್ತಕದ ಮುಂದೆ, ಹಲ್ಲುನೋವಿನವನು ದವಡೆ ಹಿಡಿದುಕೊಂಡಂತೆ ಕೂತಿದ್ದ. ಕಾಲೇಜಿನಲ್ಲಿ ಅವನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು, ಅಷ್ಟು ಉದ್ದ. ಅಟ್ಟದ ಮೇಲಿನ ಡಬ್ಬ ಕೈಗೆ ಎಟುಕುತ್ತಿತ್ತು, ಗಣಿತ ಮಾತ್ರ ಎಟುಕುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಮೌಖಿಕ ಪರೀಕ್ಷೆ. ಈಗಾಗಲೇ ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಈ ಸಲ ಪಾಸಾದರೆ ಗಣಿತಕ್ಕೆ ಕೈಮುಗಿದು ಇತಿಹಾಸದ ತರಗತಿಗೆ ಹೋಗಬಹುದು. ಇಲ್ಲದಿದ್ದರೆ ಮತ್ತೊಂದು ವರ್ಷ ಅದೇ ಬೆಂಚು. ಇತಿಹಾಸವೆಂದರೆ ಅವನಿಗೆ ಪ್ರಾಣ. ಅಲ್ಲಿ ಸತ್ತ ರಾಜ ಸತ್ತೇ ಇರುತ್ತಾನೆ. ಅವನನ್ನು ಅವನಿಂದಲೇ ಗುಣಿಸಿದರೆ ಮೈನಸ್ ಒಂದಾಗುವುದಿಲ್ಲ.

"ತನ್ನಿಂದ ತಾನೇ ಗುಣಿಸಿದ್ರೆ ಮೈನಸ್ ಒಂದಾಗೋ ಈ ಐ ಅನ್ನೋದು ಎಲ್ಲಿದೆ ಅಕ್ಕಾ? ಪುಸ್ತಕದಲ್ಲೇ ಕಾಲ್ಪನಿಕ ಅಂತ ಬರೆದಿದ್ದಾರೆ."

"ಇಲ್ಲದೇ ಇರೋ ಸಂಖ್ಯೆಗೆ ಮಕ್ಕಳನ್ನ ಯಾಕೆ ಹೀಗೆ ಗೋಳು ಹೊಯ್ಕೋತಾರೋ," ಎಂದು ಅಮ್ಮ ಹಿತ್ತಿಲಿನಿಂದ ಒದ್ದೆ ಬಟ್ಟೆ ಹಿಂಡುತ್ತಾ ಮರುಗಿದಳು.

ಅಕ್ಕ ಗಣಿತದಲ್ಲಿ ಗಟ್ಟಿ. ಪುಸ್ತಕ ಮುಚ್ಚಿ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. "ಬಾಗಿಲ ಕಡೆ ಮುಖ ಮಾಡು. ಅದು ಒಂದು. ಐ ಇಂದ ಗುಣಿಸು ಅಂದ್ರೆ ಎಡಕ್ಕೆ ತಿರುಗು, ಅಷ್ಟೇ. ತಿರುಗು. ಏನು ಕಾಣ್ತು?"

"ಅಡುಗೆಮನೆ."

"ಅದೇ ಐ. ಇನ್ನೊಂದ್ಸಲ ತಿರುಗು."

"ಗೋಡೆ."

"ಮೈನಸ್ ಒಂದು. ಮತ್ತೆ?"

"ಕಿಟಕಿ."

"ಮೈನಸ್ ಐ. ಮತ್ತೆ ತಿರುಗಿದ್ರೆ ಬಾಗಿಲು. ನಾಲ್ಕು ಸಲ ತಿರುಗಿದ್ರೆ ಹೊರಟಲ್ಲಿಗೇ ಬಂದೆ. ಇಷ್ಟೇ ಕಣೋ ಕೋತಿ!"

ಏಣಿಯ ಕಣ್ಣಲ್ಲಿ ನೀರು ಬಂತು. ಹುಟ್ಟಿದಾರಭ್ಯ ಮೊದಲ ಸಲ ಗಣಿತ ಅವನಿಗೆ ಅರ್ಥವಾಗಿತ್ತು. ಒಂದೇ ತೊಂದರೆ: ಕೂತರೆ ಮರೆತುಹೋಗುತ್ತಿತ್ತು. ನಿಂತು, ಬಾಗಿಲು ನೋಡಿ, ಕಣ್ಣು ಮುಚ್ಚಿ ತಿರುಗಿದರೆ ಮಾತ್ರ ಉತ್ತರ ಬರುತ್ತಿತ್ತು.

ದಾರಿಯುದ್ದಕ್ಕೂ ಸಿಕ್ಕ ಸಿಕ್ಕ ಬಾಗಿಲ ಮುಂದೆ ಅವನು ತಿರುಗುತ್ತಾ ಹೋದ. ದರ್ಜಿಯ ಅಂಗಡಿಯ ಮುಂದೆ ತಿರುಗುವಾಗ ದರ್ಜಿ ಟೇಪು ಹಿಡಿದು ಹೊರಗೆ ಓಡಿಬಂದು, "ಹಾಂ, ಹಾಗೇ ನಿಂತ್ಕೋ, ಕೈ ಮೇಲೆತ್ತು," ಎಂದು ಎದೆಯ ಅಳತೆ ತೆಗೆದುಕೊಂಡುಬಿಟ್ಟ. ಅವನಿಂದ ಬಿಡಿಸಿಕೊಂಡು ಕಾಲೇಜು ಮುಟ್ಟುವಷ್ಟರಲ್ಲಿ ಚಾಪೆಲಿನ ಗಂಟೆ ಬಾರಿಸಿ ಆಗಿತ್ತು.

ಅದು ಕ್ರೈಸ್ತ ಕಾಲೇಜು. ಪಾಠಕ್ಕೆ ಮುಂಚೆ ಎಲ್ಲರೂ ಚಾಪೆಲಿನಲ್ಲಿ ನಿಂತು ಮೌನ ಪ್ರಾರ್ಥನೆ ಮಾಡಬೇಕು. ತಡವಾಗಿ ಬಂದವರಿಗೆ ಮುಂದಿನ ಸಾಲು. ಚಾಪೆಲ್ ನೋಡಿಕೊಳ್ಳುವ ಸಿಸ್ಟರ್ ಮಾಡಿದ ಏರ್ಪಾಡು ಇದು. ಅಲ್ಲಿ ಇನ್ನೊಂದು ಹಳೆಯ ಪದ್ಧತಿಯೂ ಇತ್ತು. ಪ್ರಾರ್ಥನೆಯಲ್ಲಿ ಇರುವವರನ್ನು ಯಾರೂ, ಎಲ್ಲಿಯೂ, ಯಾವ ಕಾರಣಕ್ಕೂ ತಡೆಯಬಾರದು. ಎದುರಿಗಿದ್ದವರು ಇದ್ದಲ್ಲೇ ನಿಂತು ತಲೆ ತಗ್ಗಿಸಬೇಕು.

ಎಲ್ಲರೂ ಕಣ್ಣು ಮುಚ್ಚಿದರು. ಇಷ್ಟು ನಿಶ್ಶಬ್ದ ಮತ್ತೆ ಎಲ್ಲಿ ಸಿಗುತ್ತದೆ, ಒಂದು ಲೆಕ್ಕ ಮಾಡಿಬಿಡೋಣ ಅನ್ನಿಸಿತು ಏಣಿಗೆ. ಆದರೆ ಲೆಕ್ಕ ಶುರುವಾಗಲು ಬಾಗಿಲು ಕಾಣಬೇಕು, ಚಾಪೆಲಿನ ಬಾಗಿಲು ಇದ್ದದ್ದು ಹಿಂದೆ. ಅವನು ಪೀಠಕ್ಕೆ ಬೆನ್ನು ಮಾಡಿ, ಇಡೀ ಕಾಲೇಜಿಗೆ ಮುಖ ಮಾಡಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಮೆಲ್ಲಗೆ ತಿರುಗತೊಡಗಿದ.

ಚಾಪೆಲಿನಲ್ಲಿ ನಿಜವಾಗಿ ಕಣ್ಣು ಮುಚ್ಚುತ್ತಿದ್ದದ್ದು ಗಣಿತ ಕಲಿಸುವ ಫಾದರ್ ಒಬ್ಬರೇ. ಉಳಿದವರೆಲ್ಲ ನೋಡಿದರು. ಹೊಸದಾಗಿ ಸೇರಿದ ಹುಡುಗರು ಇದೂ ಪ್ರಾರ್ಥನೆಯ ಭಾಗವೆಂದುಕೊಂಡು ಸಾಲು ಸಾಲಾಗಿ ಎಡಕ್ಕೆ ತಿರುಗಿದರು. ಸಿಸ್ಟರ್ ಎದೆಯ ಮೇಲೆ ಕೈಯಿಟ್ಟುಕೊಂಡು, "ಕಡೆಗೂ ಒಬ್ಬನಿಗೆ ದೇವರ ಕರೆ ಬಂತು," ಎಂದು ಕಣ್ಣೊರೆಸಿಕೊಂಡರು. ಈ ಕಾಲೇಜಿನಿಂದ ಒಬ್ಬನಾದರೂ ಪಾದ್ರಿಯಾಗಲಿ ಎಂದು ಅವರು ಕಾಯುತ್ತಾ ಬಂದದ್ದು ಇವತ್ತಿನಿಂದಲ್ಲ.

ಬೆಲ್ ಹೊಡೆಯಿತು. ಏಣಿ ಗಡಬಡಿಸಿ ಸರಿಯಾಗಿ ನಿಂತ. ಗಣಿತದ ಫಾದರ್ ಕಣ್ಣು ಬಿಟ್ಟಾಗ ಹೊಸ ಹುಡುಗರೆಲ್ಲ ಗೋಡೆ ನೋಡುತ್ತಿದ್ದರು. ಪಾಪ, ಇನ್ನೂ ಜಾಗ ರೂಢಿಯಾಗಿಲ್ಲ ಎಂದು ಅವರು ಸುಮ್ಮನಾದರು.

ಅಲ್ಲಿಂದ ಮುಂದೆ ಏಣಿಗೆ ಕಾಲೇಜೇ ಅರ್ಥವಾಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಐ ವರ್ಗ ಎಷ್ಟೆಂದು ತಿರುಗಿದರೆ, ಮೇಲಿನಿಂದ ಇಳಿಯುವವರು ಮೇಲೇ ನಿಂತರು, ಕೆಳಗಿನಿಂದ ಹತ್ತುವವರು ಕೆಳಗೇ ನಿಂತರು. ಎಲ್ಲರ ತಲೆಯೂ ತಗ್ಗಿತ್ತು. ಕ್ಯಾಂಟೀನಿನಲ್ಲಿ ತಿರುಗಿದರೆ ಮಾಣಿ ಟೀ ತಟ್ಟೆ ಹಿಡಿದುಕೊಂಡೇ ಕಲ್ಲಾದ. ಟೀ ಆರಿ ಕೆನೆಗಟ್ಟಿತು. ಪ್ರಯೋಗಶಾಲೆಯ ಬಾಗಿಲಲ್ಲಿ ತಿರುಗಿದಾಗಲಂತೂ ಒಳಗಿದ್ದ ಅಟೆಂಡರು ಒಲೆ ಆರಿಸಲು ಹೋದವನು ಅರ್ಧ ದಾರಿಯಲ್ಲೇ ಭಕ್ತಿಯಿಂದ ನಿಂತ. ಅವನ ಹಿಂದೆ ಪಾತ್ರೆಯಲ್ಲಿದ್ದದ್ದು ಉಕ್ಕಿ ಮೇಜನ್ನೆಲ್ಲ ನೀಲಿ ಮಾಡಿತು. ಅವನು ಅಲುಗಾಡಲಿಲ್ಲ.

ಡ್ರಿಲ್ ಮೇಷ್ಟ್ರು ಒಬ್ಬರಿಗೆ ಮಾತ್ರ ಬೇರೆಯೇ ಕಂಡಿತು. "ಏನ್ ಲೆಫ್ಟ್ ಟರ್ನಪ್ಪಾ ಅದು! ಹಿಮ್ಮಡಿ ನೋಡಿ, ಹಿಮ್ಮಡಿ! ನಾಳೆಯಿಂದ ಪರೇಡಿಗೆ ಬಾರೋ."

"ಷ್!" ಎಂದರು ಸಿಸ್ಟರ್. ಅವರು ಬೆಳಗಿನಿಂದ ಏಣಿಯ ಹಿಂದೆಯೇ, ಮೊದಲ ಹೆಜ್ಜೆ ಇಡುವ ಮಗುವಿನ ಹಿಂದೆ ತಾಯಿ ಕೈಚಾಚಿಕೊಂಡು ಬರುವ ಹಾಗೆ ಬರುತ್ತಿದ್ದರು.

"ಸಿಸ್ಟರ್, ಇವರೆಲ್ಲ ಯಾಕೆ ನನ್ನ ನೋಡಿ..."

"ಮಾತಾಡಬೇಡ ಮಗು. ಮನಸ್ಸು ಕದಡುತ್ತೆ."

ಕದಡಿದರೆ ಮೈನಸ್ ಎಲ್ಲಿ, ಐ ಎಲ್ಲಿ ಎಂದು ಮರೆತುಹೋದೀತು. ಅದು ಸರಿಯೆನ್ನಿಸಿ ಅವನು ಬಾಯಿ ಮುಚ್ಚಿದ.

ಮಧ್ಯಾಹ್ನ ಪರೀಕ್ಷೆಗೆಂದು ಏಣಿ ಗಣಿತದ ಫಾದರ್ ಅವರ ಕೋಣೆಗೆ ಹೋದಾಗ ಸಿಸ್ಟರ್ ಅದಾಗಲೇ ಒಳಗಿದ್ದರು. ಫಾದರ್ ಬೋಳುತಲೆಯ ಮೃದು ಮನುಷ್ಯ. ಬಟ್ಟೆಯ ಮೇಲೆಲ್ಲ ಸೀಮೆಸುಣ್ಣದ ಪುಡಿ. ಏಣಿಯನ್ನು ಯಾವತ್ತೂ ಇಲ್ಲದ ಗೌರವದಿಂದ ನೋಡಿದರು.

"ನಿಯಮ ಇದೆ, ಒಂದು ಪ್ರಶ್ನೆಯನ್ನಾದರೂ ಕೇಳಲೇಬೇಕು," ಎಂದರು ಸಂಕೋಚದಿಂದ. "ಐ ಘನ ಎಷ್ಟಪ್ಪ?"

"ಎದ್ದು ನಿಂತ್ಕೊಳ್ಳಲಾ ಫಾದರ್?"

"ಖಂಡಿತ."

ಏಣಿ ಬಾಗಿಲಿಗೆ ಮುಖ ಮಾಡಿ ಕಣ್ಣು ಮುಚ್ಚಿದ. ತಿರುಗಿದ. ಅಡುಗೆಮನೆ. ತಿರುಗಿದ. ಗೋಡೆ. ತಿರುಗಿದ. ಕಿಟಕಿ! ಕಣ್ಣು ಮುಚ್ಚಿಕೊಂಡೇ, ತುಂಬಿದ ದನಿಯಲ್ಲಿ ಹೇಳಿದ: "ಮೈನಸ್ ಐ."

"ಆಮೆನ್," ಎಂದರು ಫಾದರ್.

"ಆಮೆನ್," ಎಂದರು ಸಿಸ್ಟರ್.

ಏಣಿ ಕಣ್ಣು ಬಿಟ್ಟ. ಇಬ್ಬರೂ ತಲೆ ತಗ್ಗಿಸಿ ನಿಂತಿದ್ದರು.

"ಸರಿನಾ ಫಾದರ್?"

"ಏನು ಸರಿನಾ? ಓ, ಅದಾ? ಉತ್ತರ ಬೇಡಪ್ಪ. ಸಿಸ್ಟರ್ ಎಲ್ಲಾ ಹೇಳಿದ್ರು. ನಿನ್ನಂಥವರಿಗೆ ಲೆಕ್ಕ ಕೊಟ್ಟು ಕಾಡೋದು ಪಾಪ. ಪಾಸು ಮಾಡಿದ್ದೀನಿ."

ಏಣಿಗೆ ಸತ್ತ ರಾಜರೆಲ್ಲ ಎದ್ದು ಬಂದು ಕೈಕುಲುಕಿದಂತಾಯಿತು. "ಹಾಗಾದ್ರೆ ನಾಳೆಯಿಂದ ಇತಿಹಾಸದ ಕ್ಲಾಸಿಗೆ..."

"ಇತಿಹಾಸ ಯಾಕೆ ಮಗು?" ಎಂದರು ಸಿಸ್ಟರ್. "ನೀನು ಪಾದ್ರಿಯಾಗೋಕೆ ಸೆಮಿನರಿಗೆ ಹೋಗ್ತಿದ್ದೀಯ. ಸಂಜೆಗೆ ವ್ಯಾನು ಬರುತ್ತೆ. ಮನೇಲಿ ಹೇಳಿ, ನಾಲ್ಕು ಜೊತೆ ಬಟ್ಟೆ ತಗೊಂಡು ಬಾ."

ಏಣಿ ಒಂದು ಹೆಜ್ಜೆ ಹಿಂದೆ ಸರಿದ. ಅಮ್ಮ ಒಗೆದ ಬಟ್ಟೆ ಇನ್ನೂ ಹಗ್ಗದ ಮೇಲೆ ಒದ್ದೆಯಾಗಿ ನೇತಾಡುತ್ತಿರುವುದು ಕಣ್ಣಿಗೆ ಕಟ್ಟಿತು. "ಇಲ್ಲ ಸಿಸ್ಟರ್! ನಾನು ಪ್ರಾರ್ಥನೆ ಮಾಡ್ತಿರ್ಲಿಲ್ಲ! ಲೆಕ್ಕ ಮಾಡ್ತಿದ್ದೆ! ಐ ಇಂದ ಗುಣಿಸಿದ್ರೆ ಎಡಕ್ಕೆ ತಿರುಗಬೇಕು ಅಂತ ನಮ್ಮಕ್ಕ ಹೇಳಿಕೊಟ್ಟಳು!"



"ಚಾಪೆಲಿನಲ್ಲೂ?" ಎಂದರು ಸಿಸ್ಟರ್.

"ಚಾಪೆಲಿನಲ್ಲೂ ಲೆಕ್ಕಾನೇ ಸಿಸ್ಟರ್. ತಪ್ಪಾಯ್ತು."

ಸಿಸ್ಟರ್ ಕುಸಿದು ಕೂತರು. ಗಣಿತದ ಫಾದರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಇನ್ನು ತನ್ನ ಕಥೆ ಮುಗಿಯಿತು ಎಂದುಕೊಂಡ ಏಣಿ. ಫಾದರ್ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ನಾನು ಪಾಠ ಶುರು ಮಾಡಿದಾಗ ನನ್ನ ತಲೆ ತುಂಬ ಕೂದಲಿತ್ತಪ್ಪ. ಅವತ್ತಿಂದ ಇವತ್ತಿನವರೆಗೆ ಗಣಿತದ ಕ್ಲಾಸಿನಲ್ಲಿ ಪ್ರಾರ್ಥನೆ ಮಾಡೋರನ್ನ ಬೇಕಾದಷ್ಟು ನೋಡಿದ್ದೀನಿ. ಪ್ರಾರ್ಥನೆಯಲ್ಲಿ ಗಣಿತ ಮಾಡೋನನ್ನ ನೋಡಿರಲಿಲ್ಲ. ಇತಿಹಾಸನೂ ಬೇಡ, ಸೆಮಿನರಿನೂ ಬೇಡ. ನಮ್ಮಲ್ಲಿ ವಿಶೇಷ ಗಣಿತದ ತರಗತಿ ಅಂತ ಒಂದಿದೆ. ಇದುವರೆಗೂ ಅದಕ್ಕೆ ಯಾರೂ ಸೇರಿಲ್ಲ. ನಾಳೆಯಿಂದ ನೀನೊಬ್ಬ, ನಾನೊಬ್ಬ!"

"ಫಾದರ್, ನನಗೆ..."

"ಏನೂ ಹೇಳಬೇಡ. ನನಗೆ ಅರ್ಥವಾಗುತ್ತೆ."

ಸಂಜೆ ಅವನು ಮನೆಗೆ ಬಂದಾಗ ಅಮ್ಮ ಬಟ್ಟೆ ಮಡಚುತ್ತಿದ್ದಳು. "ಏನಾಯ್ತೋ ಪುಟ್ಟಾ? ಪಾಸಾದ್ಯಾ?"

"ಪಾಸಾದೆ ಅಮ್ಮಾ."

"ನನ್ನ ರಾಜ! ಇನ್ನು ಈ ಹಾಳು ಗಣಿತ ತಪ್ಪಿತು ಬಿಡು."

ಏಣಿ ಎಲ್ಲಿ ತಪ್ಪಿದೆ ಎಂದು ನೋಡಲು ನಡುಮನೆಯಲ್ಲಿ ನಿಂತು, ಬಾಗಿಲಿಗೆ ಮುಖ ಮಾಡಿ, ಕಣ್ಣು ಮುಚ್ಚಿದ. ಪರೀಕ್ಷೆಗೆ ಒಮ್ಮೆ ತಿರುಗಿದ. ಇತಿಹಾಸಕ್ಕೆ ಒಮ್ಮೆ. ಸೆಮಿನರಿಗೆ ಒಮ್ಮೆ. ನಾಲ್ಕನೆಯ ಸಲ ತಿರುಗಿ ಕಣ್ಣು ಬಿಟ್ಟ.

ಬಾಗಿಲಲ್ಲಿ ಗಣಿತದ ಫಾದರ್ ತಲೆ ತಗ್ಗಿಸಿ ನಿಂತಿದ್ದರು. ಎರಡೂ ಕೈ ತುಂಬ ಗಲ್ಲದವರೆಗೆ ಪೇರಿಸಿದ ದಪ್ಪ ದಪ್ಪ ಪುಸ್ತಕಗಳು.

"ನಾಳೆವರೆಗೆ ತಡೆಯೋಕಾಗಲಿಲ್ಲ," ಎಂದು ಅವರು ಪಿಸುಗುಟ್ಟಿದರು. "ಲೆಕ್ಕ ಮುಗೀತಾ? ನಿಧಾನವಾಗಿ ಮಾಡಪ್ಪ. ಮಧ್ಯದಲ್ಲಿ ತಡೆಯಬಾರದು."

ಏಣಿಗೆ ಇಡೀ ದಿನದಲ್ಲಿ ಮೊದಲ ಸಲ ತಲೆ ಓಡಿತು. ಗಟ್ಟಿಯಾಗಿ ಕಣ್ಣು ಮುಚ್ಚಿ, ಎಡಕ್ಕೆ ತಿರುಗಿದ. ಮತ್ತೆ ತಿರುಗಿದ. ತಿರುಗುತ್ತಲೇ ಇದ್ದ.

ಅಮ್ಮ ಬಟ್ಟೆ ಪಕ್ಕಕ್ಕಿಟ್ಟು ಕುರ್ಚಿ ಎಳೆದು ಹಾಕಿದಳು. ಫಾದರ್ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಆರಾಮವಾಗಿ ಕೂತರು.

"ಅವಸರ ಏನಿಲ್ಲಮ್ಮ," ಎಂದರು. "ನಾನು ಕಾಯ್ತೀನಿ."