ಗುಣಾಕಾರದ ಕಪ್ಪೆ

ನಮ್ಮ ಸೋದರಮಾವ ಬೇಗೂರಿನಲ್ಲಿ ಗಣಿತದ ಮೇಷ್ಟ್ರು. ಅವರಿಗೆ ಗಣಿತ ಕಲಿಸಲು ಬರುತ್ತಿತ್ತೋ ಇಲ್ಲವೋ, ಹೇಳಲಾರೆ. ಕಪ್ಪೆ ನೆಗೆಸುವುದರಲ್ಲಿ ಮಾತ್ರ ಇಡೀ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ!

ಆ ಕಪ್ಪೆ ಅವರಿಗೆ ಸಿಕ್ಕಿದ್ದು ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದಿನ ಸೈಬರ್ ಸೆಂಟರಿನಲ್ಲಿ. ಆ ವರ್ಷ ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ಬಿದ್ದಿದ್ದೆ. ಜೂನ್ ಪರೀಕ್ಷೆಯಲ್ಲೂ ಬಿದ್ದರೆ ಓದು ಸಾಕು, ಸಂತೆಮರಹಳ್ಳಿಯ ಚಿಕ್ಕಮ್ಮನ ಹತ್ತಿರ ಹೊಲಿಗೆ ಕಲಿಯಲಿ ಎಂದು ಅಪ್ಪ ತೀರ್ಮಾನಿಸಿ, ಹೊಲಿಗೆ ಯಂತ್ರವನ್ನೂ ನೋಡಿಕೊಂಡು ಬಂದಿದ್ದರು. ಮಾವ ಬಂದು ತಮ್ಮ ಅಕ್ಕನ ಮುಂದೆ, ಅಂದರೆ ನಮ್ಮವ್ವನ ಮುಂದೆ ಘೋಷಿಸಿದರು: "ಮಿಷನ್ನು ಆಮೇಲೆ ತರೀರಂತೆ. ಒಂದ್ ತಿಂಗ್ಳು ಇವ್ಳ ನನ್ ಜೊತೆ ಕಳ್ಸಕ್ಕ. ಕಂಪ್ಯೂಟರ್ನಲ್ಲಿ ಆಟ ಆಡಿಸ್ತೀನಿ."

"ಫೇಲಾದವ್ಳಿಗೆ ಆಟ ಬೇರೆ ಕೇಡು!" ಎಂದಳು ಅವ್ವ. ಆದರೂ ಕಳಿಸಿದಳು.

ಆಟ ಇಷ್ಟೇ. ಪರದೆಯ ಮೇಲೊಂದು ಕೆರೆ, ತಾವರೆ ಎಲೆಗಳು, ಒಂದು ಎಲೆಯ ಮೇಲೆ ಹಸಿರು ಕಪ್ಪೆ. ಲೆಕ್ಕ ಬರುತ್ತದೆ. ಉತ್ತರ ಸರಿಯಾದರೆ ಕಪ್ಪೆ ಮುಂದಿನ ಎಲೆಗೆ ನೆಗೆಯುತ್ತದೆ, ತಪ್ಪಾದರೆ ಗುಳುಂ! ಮೊದಲ ದಿನ ನನ್ನ ಕೈಯಲ್ಲಿ ಮುಳುಗಿದ ಕಪ್ಪೆಗಳಿಂದ ಆ ಕೆರೆ ಕೋಡಿ ಬಿದ್ದಿರಬೇಕು. ಪಕ್ಕದಲ್ಲಿ ಮಾವ ಕುರ್ಚಿಯ ಮೇಲೆ ತಾವೇ ನೆಗೆಯುತ್ತಿದ್ದರು. "ಏಳೆಂಟ್ಲ ಎಷ್ಟಮ್ಮಿ? ಬಿರ್ನೆ ಯೇಳು, ಪಾಪದ್ದು ಸತ್ತೋಯ್ತದೆ ಕಣಮ್ಮಿ!"

"ಮೇಷ್ಟ್ರೇ, ಕುರ್ಚಿ ನಂದು," ಎಂದು ಸೆಂಟರಿನ ಮಾಲೀಕರು ಗೊಣಗುತ್ತಿದ್ದರು.

"ಕಪ್ಪೆ ನಂದಲ್ವಾ?" ಎನ್ನುತ್ತಿದ್ದರು ಮಾವ.

ಪ್ರತಿ ಶನಿವಾರ ಹೋಗುತ್ತಿದ್ದೆವು ಎಂದು ಬರೆಯಲು ಹೊರಟೆ. ಸುಳ್ಳು. ವಾರ ನೆನಪಿಲ್ಲ, ಕರೆಂಟು ಇದ್ದ ದಿನ ಹೋಗುತ್ತಿದ್ದೆವು. ಇಲ್ಲದ ದಿನ ಮಾವ ಶಾಲೆಯ ಅಂಗಳದಲ್ಲಿ ಸುಣ್ಣದಿಂದ ತಾವರೆ ಎಲೆ ಬರೆದು, ನನ್ನನ್ನೂ ಸೇರಿಸಿ ಲೆಕ್ಕದಲ್ಲಿ ಬಿದ್ದ ಐವರು ಹುಡುಗಿಯರನ್ನೇ ಕಪ್ಪೆ ಮಾಡುತ್ತಿದ್ದರು. ಕಂಪ್ಯೂಟರಿನಲ್ಲಿ ಲೆಕ್ಕ ಬಂದ ಮೇಲೆ, ಉತ್ತರದ ಖಾನೆ ತೆರೆಯುವ ಮೊದಲು ಒಂದು ಚಕ್ರ ತಿರುಗುತ್ತಿತ್ತು. ಗುಂಡ್ಲುಪೇಟೆಯ ಇಂಟರ್‌ನೆಟ್ಟು ಅಷ್ಟು ನಿಧಾನ. ಮಾವ ಅದನ್ನು ಆಟದ ನಿಯಮವೆಂದೇ ತಿಳಿದುಬಿಟ್ಟಿದ್ದರು! ಹಾಗಾಗಿ ಅಂಗಳದಲ್ಲೂ ಲೆಕ್ಕ ಕೇಳಿಸಿಕೊಂಡು, ನಿಂತಲ್ಲೇ ಎರಡು ಸುತ್ತು ತಿರುಗಿ, ಆಮೇಲೆ ಉತ್ತರ ಹೇಳಬೇಕು. ತಿರುಗದೆ ಹೇಳಿದರೆ, ಉತ್ತರ ಸರಿಯಿದ್ದರೂ ನೀರಿಗೆ!

ಬೇಲಿಯಾಚೆ ಹೋಗುತ್ತಿದ್ದ ರೈತರೊಬ್ಬರು ನಿಂತು ಕೇಳಿದರು: "ಇದೇನ್ ಮೇಷ್ಟ್ರೇ, ಹೆಣ್ಮಕ್ಳಿಗೆ ದೆವ್ವ ಮೆಟ್ಕಂಡದಾ?"

"ದೆವ್ವ ಅಲ್ಲ ಕಣಪ್ಪ, ಬೀಜಗಣಿತ!"

ನಗಬೇಡಿ. ಲೆಕ್ಕ ಕಂಡೊಡನೆ ಹೆದರಿ, ಬಾಯಿಗೆ ಬಂದ ಸಂಖ್ಯೆ ಒದರುವುದು ನನ್ನ ರೋಗವಾಗಿತ್ತು. ಎರಡು ಸುತ್ತು ತಿರುಗುವಷ್ಟರಲ್ಲಿ ಹೆದರಿಕೆಗೆ ತಲೆಸುತ್ತು ಬಂದು ಅದು ಬಿದ್ದುಹೋಗುತ್ತಿತ್ತು, ನಾನು ನಿಂತಿರುತ್ತಿದ್ದೆ.

ಆದರೆ ಪರೀಕ್ಷೆಗೆ ಮುಂಚಿನ ಕೊನೆಯ ಆಟದಲ್ಲಿ ಎಲ್ಲವೂ ಕೈಕೊಟ್ಟಿತು. ಕಪ್ಪೆ ಮೊದಲನೆಯ ಎಲೆಯಿಂದಲೇ ಮೂರು ಸಲ ಮುಳುಗಿತು. ಮೂರು ಸಲವೇ? ಕಥೆ ಹೇಳುವಾಗ ಎಲ್ಲವೂ ಮೂರು ಸಲವೇ ಆಗುತ್ತದೆ, ನಂಬಬೇಡಿ. ತುಂಬ ಸಲ. ನಾನು ಕೀಲಿಮಣೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. "ನಾನು ದಡ್ಡಿ ಮಾವ. ಹೊಲಿಗೆಗೇ ಓಯ್ತೀನಿ ಬುಡಿ."

ಮಾವ ಮೊದಲ ಸಲ ನೆಗೆಯದೆ ಕುಳಿತರು. "ಇಷ್ಟಪಟ್ಟು ಓಗು, ಬ್ಯಾಡ ಅನ್ನಲ್ಲ. ಎದ್ರುಕಂಡು ಓಗ್ಬ್ಯಾಡ," ಎಂದರು. ಆಮೇಲೆ ಆಚೀಚೆ ನೋಡಿ, ದನಿ ತಗ್ಗಿಸಿ, "ಯಾರ್ಗೂ ಯೇಳ್ಬ್ಯಾಡ ಕಣಮ್ಮಿ. ನಾನೂ ಎಸ್ಸೆಸ್ಸೆಲ್ಸಿಲಿ ಲೆಕ್ಕದಲ್ಲೇ ಬಿದ್ದವ್ನು. ಎರಡ್ ಸಲ!"

"ನೀವಾ?"

"ಊಂ. ಈಗ ನೋಡು, ಸರ್ಕಾರದ್ ಸಂಬ್ಳ ತಕಂಡು ಕಪ್ಪೆ ನೆಗಿಸ್ತಾ ಇವ್ನಿ."

ಅಳುತ್ತಲೇ ನಕ್ಕುಬಿಟ್ಟೆ.

ಚಾಮರಾಜನಗರದ ಪರೀಕ್ಷಾ ಕೊಠಡಿಯಲ್ಲಿ ನಾನು ಎದ್ದು ಗಿರಕಿ ಹೊಡೆಯಲಿಲ್ಲ, ಸದ್ಯ! ಬೆಂಚಿನ ಕೆಳಗೆ ಕಾಲಿನ ಹೆಬ್ಬೆರಳನ್ನು ಎರಡೆರಡು ಸುತ್ತು ತಿರುಗಿಸುತ್ತ ಒಂದೊಂದೇ ಲೆಕ್ಕ ಮಾಡಿದೆ. ನಲವತ್ತಮೂರು ಅಂಕ ಬಂತು. ಮೂವತ್ತೈದು ಸಾಕಿತ್ತು!

ಫಲಿತಾಂಶದ ದಿನ ಅವ್ವ ಶಾವಿಗೆ ಪಾಯಸ ಮಾಡಿದಳು. ಖುಷಿಯಲ್ಲಿ ನನ್ನ ಬಾಯಿ ಜಾರಿತು: "ಮಾವ್ನಂಗೆ ಎರಡ್ ಸಲ ಬೀಳ್ಲಿಲ್ವಲ್ಲವ್ವ, ನಾನು ಬಿದ್ದಿದ್ದು ಒಂದೇ ಸಲ!"

ಅವ್ವ ಸೌಟು ಹಿಡಿದೇ ತಿರುಗಿದಳು. "ಯಾರು, ಅವ್ನಾ? ಲೆಕ್ಕದಲ್ಲಿ ಬಿದ್ದಿದ್ನಾ? ನೂರಕ್ಕೆ ತೊಂಬತ್ತೆಂಟು ಬಂದು, ನಮ್ಮಪ್ಪ ಬೀದಿಗೆಲ್ಲ ಬೆಲ್ಲ ಹಂಚಿದ್ರು ಕಣಮ್ಮಿ!"

ಜಗಲಿಗೆ ಓಡಿ ಮಾವನನ್ನು ಕೇಳಿದೆ. ಅವರು ಪಾಯಸದ ಲೋಟದಿಂದ ಮುಖ ಎತ್ತಲೇ ಇಲ್ಲ.

"ನಿಮ್ಮವ್ವನ್ಗೆ ಮರೆವು," ಎಂದರು.

ಅವರ ಮಾರ್ಕ್ಸ್ ಕಾರ್ಡು ಅಟ್ಟದ ಮೇಲಿನ ಟ್ರಂಕಿನಲ್ಲಿದೆಯಂತೆ; ತೆಗೆದು ನೋಡು ಎಂದು ಅವ್ವ ಈಗಲೂ ಛೇಡಿಸುತ್ತಾಳೆ. ನಾನು ನೋಡಿಲ್ಲ. ನಾನು ಅತ್ತ ದಿನ ನನ್ನ ಪಕ್ಕದ ಕುರ್ಚಿಯಲ್ಲಿ, ಲೆಕ್ಕದಲ್ಲಿ ಎರಡು ಸಲ ಬಿದ್ದವರೊಬ್ಬರು ಕೂತಿದ್ದರು. ಅವರನ್ನು ಯಾವ ಕಾಗದಕ್ಕೂ ನಾನು ಬಿಟ್ಟುಕೊಡುವುದಿಲ್ಲ.