ಸೇತುರಾಮಯ್ಯನವರ ಸ್ವಯಂಚಾಲಿತ ರಸಮಟ್ಟ

"ಭಾವನೋರೇ, ಇನ್ಮೇಲೆ ಈ ಮನೇಲಿ ಓರೆ ಅನ್ನೋದೇ ಇರೋಲ್ಲ!"

ಹೀಗೆ ಘೋಷಿಸಿದವರು ನನ್ನ ತಂಗಿ ಮಂದಾಕಿನಿಯ ಪತಿ ಸೇತುರಾಮಯ್ಯನವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಮೋಟುಗೋಡೆ. ಆದಕಾರಣ ಅವರ ಪ್ರತಿಯೊಂದು ಆವಿಷ್ಕಾರಕ್ಕೂ ಸಾಕ್ಷಿಯಾಗುವ ಸೌಭಾಗ್ಯ ನನಗೆ ತಪ್ಪಿದ್ದಲ್ಲ. ಮೂರು ಗಾಲಿಗಳ ಮೇಲೆ ನಿಂತಿದ್ದ ಈ ಯಂತ್ರದ ಎದೆಯಲ್ಲಿ, ಗಾರೆಯವರು ಮಟ್ಟ ನೋಡುವ ರಸಮಟ್ಟದ ಗಾಜಿನ ಕೊಳವೆಯೊಂದಿತ್ತು. ಅದರ ಕಿರಣ ತಗುಲಿದ ವಸ್ತು ಹೋಳಿಗೆಯ ಕಣಕದಂತೆ ಮೆತ್ತಗಾಗಿ, ನೆಟ್ಟಗಾಗಿ, ಮರುಕ್ಷಣ ಗಟ್ಟಿಯಾಗುವುದಂತೆ!

ಹಬ್ಬದೊಳಗೆ ಮನೆಯನ್ನು ಸ್ವಲ್ಪ ಓರಣಗೊಳಿಸಬೇಕೆಂಬುದು ಮಂದಾಕಿನಿಯ ಆಸೆ. ಓರೆಯಾದ ಪಟ, ಬಚ್ಚಲಲ್ಲಿ ಎದ್ದುನಿಂತ ಒಂದು ಕಲ್ಲು: ಗಾರೆಯವರು ಬರಲೊಪ್ಪದಷ್ಟು ಸಣ್ಣ ಕೆಲಸಗಳು.

"ನಾನೇ ಮಾಡ್ತೀನಿ ಅಂದಿದ್ದೀರಿ, ಮಾಡಿ. ಕೆಡಿಸಿದ್ರೋ, ಮಹಡಿ ಮೇಲಿನ ನಿಮ್ಮ ಕಾರ್ಖಾನೆ ನಾಳೇನೇ ಖಾಲಿ! ದಿನಾ ಬೆಳಿಗ್ಗೆ ಐದಕ್ಕೆ ಮಕ್ಕಳಿಗೆ ಅಲ್ಲೇ ನನ್ನ ಸಂಗೀತ ಪಾಠ!"

ಆ ಕೋಣೆ ಹೋದರೆ ಸೇತುರಾಮಯ್ಯನವರಿಗೆ ಪ್ರಾಣ ಹೋದಂತೆಯೇ. ಇಷ್ಟದೇವರನ್ನು ನೆನೆದು ಗುಂಡಿ ಒತ್ತಿದರು.

ಗೋಡೆಯಿಂದ ಮುಂದಕ್ಕೆ ಬಾಗಿ, ಸೊಸೆಯ ಮೇಲೆಯೇ ಕಣ್ಣಿಟ್ಟಂತೆ ನೇತಾಡುತ್ತಿದ್ದ ಅವಳ ಮಾವನವರ ಪಟ ಗೋಡೆಗೆ ಅಂಟಿ ನೆಟ್ಟಗಾಯಿತು.

"ಅಬ್ಬ! ಮಾವನೋರ ದೃಷ್ಟಿ ಈಗ ತಪ್ತು ನೋಡಿ!" ಎಂದು ಮಂದಾಕಿನಿ ನಕ್ಕಳು. ಆ ದಿನಕ್ಕೆ ಅದೇ ಅವಳ ಕೊನೆಯ ನಗು.

ಯಂತ್ರ ಬಚ್ಚಲಿಗೆ ಹೋಗಿ ಕಲ್ಲನ್ನು ಕೂರಿಸಿತು. ಅವಳು ಒಂದು ಚೊಂಬು ನೀರು ಸುರಿದಳು. ನೀರು ಕ್ಷಣಕಾಲ ಆಲೋಚಿಸಿ ನಡುಮನೆಗೆ ದಯಮಾಡಿಸಿತು!

"ರೀ! ನೀರು ಹರಿಯೋಕೆ ಕೊಟ್ಟಿದ್ದ ವಾಟ ಎಲ್ರೀ?"

"ಇಳಿಜಾರು ಅಂದ್ರೆ ಓರೆ ತಾನೇ? ತೆಗೀತು. ಯಂತ್ರದ್ದೇನು ತಪ್ಪು?"

"ಮೊದ್ಲು ನಿಲ್ಸಿ ಅದನ್ನ!"

ಸೇತುರಾಮಯ್ಯನವರು ಮಹಡಿಯತ್ತ ಕೈ ತೋರಿಸಿದರು. "ನಿಲ್ಸೋ ಕೀಲಿ ಮಹಡಿ ಮೇಲಿದೆ. ಹಿಂದಕ್ಕೆ ತಿರುಗಿಸಿದ್ರೆ ಮಾಡಿದ್ದೆಲ್ಲ ಮೊದಲಿನಂಗೇ ಆಗುತ್ತೆ. ಆದ್ರೆ... ಇನ್ನೂ ಕೂರಿಸಿಲ್ಲ."

"ಶುರು ಮಾಡೋ ಗುಂಡಿ ಮಾತ್ರ ಕೂರ್ಸಿದ್ದೀರಿ!"

"ಅದಿಲ್ದೆ ನಿಮಗೆ ತೋರ್ಸೋದು ಹೆಂಗೆ?"

ಪಂಚೆ ಎತ್ತಿಕಟ್ಟಿ ಅವರು ಮಹಡಿಗೆ ಓಡಿದರು. ಯಂತ್ರದ ದೃಷ್ಟಿ ಅವರನ್ನು ಹಿಂಬಾಲಿಸಿ ಮೆಟ್ಟಿಲುಗಳ ಮೇಲೆ ಬಿತ್ತು. ಅದನ್ನು ದೂಷಿಸಲಾರೆ, ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಏರುಪೇರು ಬೇರೆ ಯಾವುದಿತ್ತು? ಮೆಟ್ಟಿಲುಗಳು ಒಂದೊಂದಾಗಿ ಕುಸಿದು ನೆಲದ ಸಮಕ್ಕೆ ಪವಡಿಸಿದವು!

ಕೀಲಿ ಹಿಡಿದು ಮೇಲೆ ನಿಂತ ಸೇತುರಾಮಯ್ಯನವರಿಗೆ ಇಳಿಯಲು ದಾರಿಯಿಲ್ಲ.

"ಎಸೀರಿ ಇತ್ಲಾಗೆ!"

"ಗಾಜಿಂದು ಕಣೇ, ಒಡೆಯುತ್ತೆ! ಕೂರ್ಸೋಕೆ ನಿಂಗೆ ಬರುತ್ತಾ?"

ನಾನು ನಮ್ಮ ಮನೆಯ ಏಣಿಯನ್ನು ತಂದು ಗೋಡೆಗೆ ಒರಗಿಸಿದೆ. ಒರಗಿದ್ದನ್ನು ಯಂತ್ರ ಸಹಿಸೀತೇ? ಅದನ್ನು ನೆಲದ ಮೇಲೆ ಮಲಗಿಸಿತು. ಮತ್ತೆ ನಿಲ್ಲಿಸಿದೆ, ಮತ್ತೆ ಮಲಗಿಸಿತು. ಮಂದಾಕಿನಿ ಯಂತ್ರದ ಮೇಲೆ ಜಮಖಾನವನ್ನೆಸೆದರೆ, ಅದನ್ನು ಒಂದು ಸುಕ್ಕೂ ಇಲ್ಲದಂತೆ ನೆಲಕ್ಕೆ ಹಾಸಿಕೊಟ್ಟಿತು! ಕೊನೆಗೆ, ಏಣಿಯೆತ್ತಲು ಬಾಗಿದ್ದ ನನ್ನ ಬೆನ್ನಿನ ಮೇಲೂ ಕಿರಣ ಬಿತ್ತು. ಅಂದಿನಿಂದ ನಾನು ಯಾರ ಮುಂದೆಯೂ ಬಾಗಲಾರೆ. ಮೊದಲೂ ಬಾಗಿದವನಲ್ಲವಾದ್ದರಿಂದ ಇದು ಯಾರ ಗಮನಕ್ಕೂ ಬಂದಿಲ್ಲ.

ಯಂತ್ರ ನಡೆಯುತ್ತಿದ್ದುದು ಹಗಲು ಬೆಳಕಿನ ಬಲದಿಂದ. ಹೊತ್ತು ಮುಳುಗಿದಾಗ ಅದು ನಿಂತಿತು, ಏಣಿಯೂ ನಿಂತಿತು. ಸೇತುರಾಮಯ್ಯನವರು ಇಳಿದುಬಂದು, ಮೆಟ್ಟಿಲು ಇದ್ದ ಜಾಗವನ್ನೊಮ್ಮೆ, ಮೇಲಿನ ಕೋಣೆಯನ್ನೊಮ್ಮೆ ದಿಟ್ಟಿಸಿದರು.

"ಕೂರ್ಸಿ ಕೀಲಿನ. ನನ್ನ ಮೆಟ್ಟಿಲು ನನಗೆ ವಾಪಸ್ಸು ಬೇಕು," ಎಂದಳು ಮಂದಾಕಿನಿ.

"ಅದು... ಕೈಜಾರಿ ಒಡೆದೋಯ್ತು, ಮಂದಾ."

"ಅಯ್ಯೋ ಕರ್ಮವೇ! ಏಣಿ ಹತ್ತಿ ಪಾಠಕ್ಕೆ ಬರೋ ಮಕ್ಕಳುಂಟೇನ್ರೀ? ಆ ಕೋಣೆ ನೀವೇ ಇಟ್ಕೊಂಡು ಸುಖವಾಗಿರಿ!" ಎಂದವಳು ನನ್ನತ್ತ ತಿರುಗಿದಳು. "ಅಣ್ಣಾ, ನಿಜವಾಗ್ಲೂ ಒಡೀತಾ? ನೀನು ನೋಡಿದ್ಯಾ?"

ಸೇತುರಾಮಯ್ಯನವರ ಸೊಂಟದ ಪಂಚೆಯ ಮಡಿಕೆಯೊಳಗಿಂದ ಗಾಜು ಮಿನುಗುತ್ತಿತ್ತು. ಸುಳ್ಳಾಡುವುದು ನಮ್ಮ ವಂಶದಲ್ಲೇ ಇಲ್ಲ. ಆದ್ದರಿಂದ ನಾನು ಏಣಿಯ ಧೂಳನ್ನು ಬಹಳ ಶ್ರದ್ಧೆಯಿಂದ ಒರೆಸತೊಡಗಿದೆ.

ಆ ಕೋಣೆಯ ಕಿಟಕಿ ತೆರೆಯುವುದು ನನ್ನ ಮಲಗುವ ಕೋಣೆಯ ಕಡೆಗೆ, ಬೆಳಿಗ್ಗೆ ಐದಕ್ಕೆ ನಾನಿನ್ನೂ ಸವಿನಿದ್ದೆಯಲ್ಲಿರುತ್ತೇನೆ.